ಭಾನುವಾರದ ಅಪ್ಪ

(ಮಧುಗಿರಿಯಲ್ಲಿ ಒಂದು ಸಂಜೆ ಓದುವ ಆಸಕ್ತಿ ಇರುವ ಗೆಳೆಯರು ಸೇರಿಸಿದ್ದ ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಮಾತಾಡುವಾಗ ಅಡ್ಡದಾರಿ ಹಿಡಿದ ಕೆಲವು ಕಡೆ ಕತ್ತರಿಸಿದ್ದೇನೆ, ಕೆಲವು ಕಡೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು "ತಾಯ್ತನದ ಬಗ್ಗೆ ನಾಲ್ಕು ಮಾತು ಹೇಳಿ ಸಿಸ್ಟರ್" ಅಂದರು. ಒಪ್ಪಿಕೊಂಡೆ. ಆದರೆ ತಾಯ್ತನದ ಬಗ್ಗೆ ಮಾತಾಡೋರು ನಮ್ಮಲ್ಲಿ ಜಾಸ್ತಿನೇ ಇದ್ದಾರೆ. ಮೈಕ್ ಸಿಕ್ಕರೆ ಸಾಕು, ತಾಯಿಯೇ ದೇವರು ಅಂತ ಶುರುವಾಗುತ್ತೆ. ಮೂವತ್ತೊಂದು ವರ್ಷ ಈ ಜಿಲ್ಲೆಯ ಹೆರಿಗೆ ಕೋಣೆಗಳಲ್ಲಿ ನಿಂತವಳು ನಾನು. ದೇವರನ್ನು ಕೂಗಿದ ತಾಯಂದಿರನ್ನು ನೋಡಿದ್ದೇನೆ. ಗಂಡನನ್ನು ಬೈದವರನ್ನು ನೋಡಿದ್ದೇನೆ. ಹೆರಿಗೆ ಆದ ಕೂಡಲೇ "ಸಿಸ್ಟರ್, ಒಂದು ಲೋಟ ಕಾಫಿ ಸಿಗುತ್ತಾ" ಅಂದವರನ್ನೂ ನೋಡಿದ್ದೇನೆ. ಇವರಲ್ಲಿ ಯಾರಿಗೂ ದೇವರಾಗುವ ಆಸೆ ಇದ್ದ ಹಾಗೆ ಕಾಣಲಿಲ್ಲ.

ಅದಕ್ಕೇ ಇವತ್ತು ಬಾಗಿಲ ಹೊರಗೆ ನಿಂತಿರುತ್ತಾನಲ್ಲ, ಅವನಿಂದ ಶುರು ಮಾಡುತ್ತೇನೆ.

ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಒಗೆದು ಮೆತ್ತಗಾದ ಹಳೇ ಪಂಚೆ ತುಂಡುಗಳು, ತಾಯಿ ಕಾರ್ಡು, ಒಂದು ಫ್ಲಾಸ್ಕು. ಇನ್ನೊಂದು ಕೈಯಲ್ಲಿ ಫೋನು. ಬಾಗಿಲು ತೆರೆದಾಗೆಲ್ಲ ಗೋಡೆ ಬಿಟ್ಟು ನೆಟ್ಟಗೆ ನಿಲ್ಲುತ್ತಾನೆ. ನಾವು ಮಗುವನ್ನು ಸುತ್ತಿ ತಂದಾಗ ಅವನು ಕೈ ಚಾಚುವುದಿಲ್ಲ. ಅವನ ಅತ್ತೆ ಚಾಚುತ್ತಾರೆ, ಇಲ್ಲಾಂದ್ರೆ ಅವನ ಅಮ್ಮ. ಅವನು ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಾನೆ. ಅಷ್ಟರಲ್ಲಿ ಫೋನ್ ಬರುತ್ತೆ. "ಆಯ್ತು, ಆಯ್ತು, ಇಬ್ರೂ ಚೆನ್ನಾಗವ್ರೆ" ಅನ್ನುತ್ತಾ ಮೆಟ್ಟಿಲ ಕಡೆ ಹೋಗುತ್ತಾನೆ.

ಮಗುವಿನ ಕೈಗೆ ಕಟ್ಟುವ ಪಟ್ಟಿಯಲ್ಲಿ ಅಮ್ಮನ ಹೆಸರಿರುತ್ತೆ. 'ಬೇಬಿ ಆಫ್' ಅಂತ ಬರೆದು ಮುಂದೆ ತಾಯಿಯ ಹೆಸರು. ನಮ್ಮ ಕಡೆ ಮನುಷ್ಯನೊಬ್ಬ ಬರೀ ಅಮ್ಮನ ಹೆಸರಲ್ಲಿ ಗುರುತಾಗುವುದು ಆ ನಾಲ್ಕೈದು ದಿನ ಮಾತ್ರ. ಆಮೇಲೆ ಎಲ್ಲ ಕಾಗದಕ್ಕೂ ಅಪ್ಪನ ಹೆಸರು ಬೇಕು. ಹೆಸರು ಹೀಗೆ ಸುಲಭವಾಗಿ ಸಿಕ್ಕಿಬಿಡುತ್ತೆ ಅವನಿಗೆ.

ನಾನೂ ಎಷ್ಟೋ ಗಂಡಸರಿಗೆ "ಹೊರಗೆ ನಿಲ್ರೀ, ಇಲ್ಲೇನು ಕೆಲಸ ನಿಮಗೆ" ಅಂತ ಗದರಿದ್ದೇನೆ. ಹೆರಿಗೆ ಸಮಯದಲ್ಲಿ ಬಸುರಿಯ ಜೊತೆ ಮನೆಯವರೊಬ್ಬರು ಇರಬಹುದು ಅಂತ 2016ರಲ್ಲೇ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿತು. ಮೊದಲ ಆಯ್ಕೆ ಹೆತ್ತು ಅನುಭವ ಇರುವ ಹೆಂಗಸು. ಮರೆ ಮಾಡಲು ವ್ಯವಸ್ಥೆ ಇದ್ದರೆ ಗಂಡನೂ ಇರಬಹುದು. ಒಂದೇ ಕೋಣೆಯಲ್ಲಿ ನಾಲ್ಕು ಮಂಚ, ನಡುವೆ ಪರದೆ ಇಲ್ಲ ಅಂದಾಗ ಯಾರ ಗಂಡನನ್ನು ಒಳಗೆ ಬಿಡೋದು ಹೇಳಿ. ನನ್ನ ಗದರಿಕೆಗೆ ಅದೊಂದು ಕಾರಣ. ಅಭ್ಯಾಸಬಲ ಇನ್ನೊಂದು.

ಹೆರಿಗೆಯ ಮಾತು ಬಂದಮೇಲೆ ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ನೆನೆಯದೆ ಮುಂದೆ ಹೋಗೋಕಾಗಲ್ಲ. ಕೃಷ್ಣಾಪುರದವರು. ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರಂಥವರ ಕಾಲದಲ್ಲಿ ಹೆರಿಗೆ ಅನ್ನೋದು ಮನೆಯ ಒಳಕೋಣೆಯಲ್ಲಿ ನಡೆಯುತ್ತಿತ್ತು. ಗಂಡಸರು ಜಗಲಿಯಲ್ಲಿ. ಆಗ ನಡುವೆ ಇದ್ದದ್ದು ಒಂದು ಗೋಡೆ.

ಈಗ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 2019ರಿಂದ 21ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಎತ್ತಿನ ಗಾಡಿಯಲ್ಲಿ ಬಂದವರಿದ್ದರು. ಬಂದು ತಲುಪದವರೂ ಇದ್ದರು. 2005ರಲ್ಲಿ ಆಸ್ಪತ್ರೆಯಲ್ಲಿ ಹೆರುವ ಬಡವರಿಗೆ ದುಡ್ಡು ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು, 2008ರ ನವೆಂಬರಿನಲ್ಲಿ 108 ಗಾಡಿ ಬಂತು. ಎಷ್ಟು ಜೀವ ಉಳಿಯಿತು ಅಂತ ಕಣ್ಣಾರೆ ಕಂಡವಳು ನಾನು. ಹಾಗಾಗಿ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರ ಜೊತೆ ನಾನು ಕೂರುವುದಿಲ್ಲ. ಆದರೆ ಜಗಲಿಯಲ್ಲಿದ್ದ ಗಂಡಸು ಆಸ್ಪತ್ರೆಗೆ ಬಂದಮೇಲೂ ಬಾಗಿಲ ಹೊರಗೇ ಇದ್ದಾನೆ, ಅಷ್ಟೇ.

ಒಳಗೆ ಏನಾಗಿರುತ್ತೆ? ಮುಷ್ಟಿ ಗಾತ್ರದ ಗರ್ಭಕೋಶ, ಅರವತ್ತು ಎಪ್ಪತ್ತು ಗ್ರಾಂ ಇದ್ದದ್ದು, ಹೆರಿಗೆ ಹೊತ್ತಿಗೆ ಒಂದು ಕೆಜಿ ತೂಗುತ್ತಿರುತ್ತೆ. ಮೈಯ ರಕ್ತ ಒಂದೂವರೆ ಪಟ್ಟಿನ ಹತ್ತಿರ ಆಗಿರುತ್ತೆ. ಹೆತ್ತ ಮೇಲೆ ಗರ್ಭಕೋಶ ಮತ್ತೆ ಮುಷ್ಟಿ ಗಾತ್ರಕ್ಕೆ ಇಳಿಯೋಕೆ ಆರು ವಾರ ಬೇಕು. ನಮ್ಮ ಅಜ್ಜಿಯರು ನಲವತ್ತು ದಿನ ಬಾಣಂತಿಯನ್ನು ಹೊರಗೆ ಬಿಡುತ್ತಿರಲಿಲ್ಲ ನೋಡಿ. ಅವರು ಪುಸ್ತಕ ಓದಿರಲಿಲ್ಲ, ಲೆಕ್ಕ ಮಾತ್ರ ಹೆಚ್ಚುಕಮ್ಮಿ ಸರಿಯಾಗಿತ್ತು.

ಎಲ್ಲ ಲೆಕ್ಕವೂ ಸರಿ ಇರಲಿಲ್ಲ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತೆ ಅಂತ ಗುಟುಕು ಗುಟುಕು ಕೊಡುತ್ತಾರೆ. ಹಾಲೂಡಿಸುವವಳಿಗೆ ನೀರು ಬೇಡವೇ? ಮೊದಲು ಬರುವ ಹಳದಿ ಹಾಲನ್ನು ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತಾರೆ. ಮಗುವಿಗೆ ಸಿಗುವ ಮೊದಲ ಲಸಿಕೆ ಅದು, ಒಂದು ಗಂಟೆಯ ಒಳಗೆ ಕುಡಿಸಿ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬಾಗಿಲು ಕಿಟಕಿ ಮುಚ್ಚಿ ಕೆಂಡ, ಸಾಂಬ್ರಾಣಿ ಹಾಕುತ್ತಾರೆ. ಮಗುವಿನ ಪುಪ್ಪುಸಕ್ಕೆ ಅದು ಒಲೆ ಹೊಗೆಯಷ್ಟೇ ಕೆಟ್ಟದ್ದು. ಇನ್ನು ಮೆಣಸು ಜೀರಿಗೆ ಸಾರು, ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ. ಅದಕ್ಕೆ ನನ್ನ ತಕರಾರಿಲ್ಲ. ನನಗೆ ಈಗಲೂ ಕೊಟ್ಟರೆ ತಿನ್ನುತ್ತೇನೆ.

ಒಂದು ಕಹಿ ಮಾತೂ ಹೇಳಬೇಕು. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ, ಮಗುವನ್ನು ಸೂತಕ ಅಂತ ಊರ ಹೊರಗೆ ಗುಡಿಸಲಲ್ಲಿ ಇಡುವ ಪದ್ಧತಿ ಉಳಿದಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆ, ಚಳಿಗೆ ಸಿಕ್ಕಿ ಎಳೇ ಕೂಸು ಸತ್ತದ್ದನ್ನು ನೀವೆಲ್ಲ ಪೇಪರಿನಲ್ಲಿ ಓದಿದ್ದೀರಿ. ಓದಿ "ಅಯ್ಯೋ, ಎಂಥ ಜನ" ಅಂದಿರುತ್ತೀರಿ. ನನ್ನ ಪ್ರಶ್ನೆ ಉಳಿದ ನಮ್ಮ ಬಗ್ಗೆ. ನಮ್ಮ ಮನೆಗಳಲ್ಲಿ ಗುಡಿಸಲಿಲ್ಲ, ಸರಿ. ಒಳಕೋಣೆ ಇದೆಯಲ್ಲ? ಅಲ್ಲಿಗೆ ಅಪ್ಪ ಅನ್ನಿಸಿಕೊಂಡವನು ಎಷ್ಟು ಸಲ ಹೋಗುತ್ತಾನೆ?

ಈಗ ನಾನು ಹೇಳಬೇಕು ಅಂತ ಬಂದ ಮಾತಿಗೆ ಬರುತ್ತೇನೆ. ಇದು ನಮ್ಮ ಮನೆಯದೇ ಕಥೆ. ನಮ್ಮ ಮನೆಯವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಮೊದಲ ಹೆರಿಗೆ ತವರಲ್ಲಿ. ಇದು ಪದ್ಧತಿ. ಏಳನೇ ತಿಂಗಳು ಸೀಮಂತ ಮುಗಿಸಿಕೊಂಡು ಶಿರಾ ತಾಲ್ಲೂಕಿನ ನಮ್ಮೂರಿಗೆ ಹೋದೆ. ಮಗನಿಗೆ ಐದು ತಿಂಗಳು ತುಂಬಿದ ಮೇಲೆ ವಾಪಸ್ ಬಂದೆ. ಎಷ್ಟಾಯಿತು? ಏಳು ತಿಂಗಳ ಮೇಲಾಯಿತು. ಇವರಿಗೆ ತುಮಕೂರಿನಲ್ಲಿ ಕೆಲಸ. ಹದಿನೈದು ದಿನಕ್ಕೊಂದು ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಬ್ರೆಡ್ಡು, ಸೇಬು. ನಮ್ಮಪ್ಪ ಕುರ್ಚಿ ಹಾಕುತ್ತಿದ್ದರು. ನಮ್ಮಮ್ಮ ತಟ್ಟೆಯಲ್ಲಿ ಕೋಡುಬಳೆ, ಲೋಟದಲ್ಲಿ ಕಾಫಿ. ಆಮೇಲೆ ಮಗುವಿಗೆ ಕುಲಾವಿ ಕಟ್ಟಿ, ದೃಷ್ಟಿ ಬೊಟ್ಟು ಇಟ್ಟು, ಹೊರಗೆ ತಂದು ತೋರಿಸುತ್ತಿದ್ದರು. ಸಂತೆಯಲ್ಲಿ ಕುರಿ ತೋರಿಸಿದ ಹಾಗೆ ಅಂತ ಇವರು ಈಗ ನಗುತ್ತಾರೆ. ಮಗು ಅತ್ತರೆ "ಹಸಿವೇನೋ" ಅಂತ ಒಳಗೆ ಒಯ್ಯುತ್ತಿದ್ದರು. ಸಾಯಂಕಾಲ ನಾಲ್ಕೂವರೆ ಬಸ್ಸಿಗೆ ಇವರು ಹೊರಟುಬಿಡಬೇಕು.

ಅಳಿಯ ಅಂದರೆ ನೆಂಟ. ನೆಂಟನ ಕೈಗೆ ಒದ್ದೆ ಬಟ್ಟೆ ಕೊಡುತ್ತಾರಾ ಯಾರಾದರೂ?

ಆ ಐದು ತಿಂಗಳಲ್ಲಿ ನಾನು ಏನೇನು ಕಲಿತೆ ನೋಡಿ. ಹಸಿವಿನ ಅಳು ಬೇರೆ, ನಿದ್ದೆಯ ಅಳು ಬೇರೆ, ಹೊಟ್ಟೆ ಉಬ್ಬರದ ಅಳು ಬೇರೆ. ಒಂದು ಕೈಯಲ್ಲಿ ಊಟ ಮಾಡುವುದು. ಕೂತಲ್ಲೇ ನಿದ್ದೆ. ನರ್ಸು ಆಗಿದ್ದವಳು ನಾನು, ಬೇರೆಯವರ ಮಕ್ಕಳನ್ನು ದಿನಾ ಎತ್ತಿದವಳು. ಆದರೂ ನನ್ನ ಮಗು ಮೊದಲ ವಾರ ಹಾಲು ಹಿಡಿಯದಾಗ ನಮ್ಮಮ್ಮನ ಮುಂದೆ ಕೂತು ಅತ್ತಿದ್ದೇನೆ. ಕಲಿತದ್ದೆಲ್ಲ ತಪ್ಪು ಮಾಡಿ, ಬೈಸಿಕೊಂಡು, ಮತ್ತೆ ಮಾಡಿ. ವಾಪಸ್ ತುಮಕೂರಿಗೆ ಬಂದ ಮೊದಲ ರಾತ್ರಿ ಮಗು ಅತ್ತಿತು. ಇವರು ಲೈಟ್ ಹಾಕಿ ನನ್ನ ಕೇಳಿದರು: "ಇದು ಯಾಕೆ ಅಳ್ತಿದೆ?"

'ಇದು' ಅಂದರು. ಆ ಪದ ನನಗೆ ಇವತ್ತಿಗೂ ನೆನಪಿದೆ. ತಪ್ಪು ಅವರದ್ದಲ್ಲ. ಅವರು ಆ ಮಗುವಿನ ಜೊತೆ ಒಟ್ಟು ಹತ್ತು ಭಾನುವಾರ ಕಳೆದಿದ್ದರು. ನಾನು ನೂರೈವತ್ತು ಹಗಲು, ನೂರೈವತ್ತು ರಾತ್ರಿ. ಆ ಅಂತರ ಆಮೇಲೆ ಮುಚ್ಚಲೇ ಇಲ್ಲ. ಮಗ ಹೈಸ್ಕೂಲಿಗೆ ಬಂದಮೇಲೂ ಇವರು ಪಕ್ಕದ ಕೋಣೆಯಲ್ಲಿದ್ದ ಅವನನ್ನು ನನ್ನ ಮೂಲಕ ಕೇಳುತ್ತಿದ್ದರು: "ಅವನದ್ದು ಊಟ ಆಯ್ತಂತಾ ಕೇಳು." ಮಗನೂ ಅಷ್ಟೇ: "ಅಮ್ಮಾ, ಅಪ್ಪಂಗೆ ಹೇಳು, ಫೀಸ್ ಕಟ್ಟಬೇಕು." ಒಂದೇ ಸೂರಿನ ಕೆಳಗೆ ನಾನು ಪೋಸ್ಟಾಫೀಸು.

ತವರು ಕೆಟ್ಟದ್ದು ಅಂತ ಹೇಳುತ್ತಿಲ್ಲ. ತವರಿಲ್ಲದ ಬಾಣಂತಿಯರು ಹೆತ್ತ ಹನ್ನೆರಡನೇ ದಿನಕ್ಕೆ ಬಿಂದಿಗೆ ಹೊತ್ತದ್ದನ್ನು ನೋಡಿದ್ದೇನೆ. ತವರು ಅಂದರೆ ಸೊಸೆಗೆ ಸಿಗುವ ಒಂದೇ ಒಂದು ರಜೆ. ನಾನು ಕೇಳುವುದು ಇಷ್ಟೇ: ಆ ರಜೆಯಲ್ಲಿ ಅವಳು ಅಮ್ಮ ಆಗಿ ಬರುತ್ತಾಳೆ. ಅವನು ಅಷ್ಟು ಹೊತ್ತಿಗೆ ಏನಾಗಿರುತ್ತಾನೆ?

ಅಮೆರಿಕದ ಡೇನಾ ರಾಫೇಲ್ ಅನ್ನುವ ಮಾನವಶಾಸ್ತ್ರಜ್ಞೆ 1973ರಲ್ಲಿ ಒಂದು ಹೊಸ ಪದ ಕಟ್ಟಿದರು, ಮೆಟ್ರೆಸೆನ್ಸ್ ಅಂತ. ಹುಡುಗಿಗೆ ಹರೆಯ ಬರುತ್ತಲ್ಲ, ಹಾಗೇ ಹೆಂಗಸಿಗೆ ತಾಯ್ತನ ಬರುತ್ತೆ, ಒಂದು ದಿನದಲ್ಲಿ ಆಗುವಂಥದ್ದಲ್ಲ ಅನ್ನೋದು ಅದರ ಅರ್ಥ. ಮೈ ಬದಲಾಗುತ್ತೆ, ಮನಸ್ಸು ಎಲ್ಲೆಲ್ಲೋ ಹೋಗುತ್ತೆ, ಸಿಟ್ಟು ಬರುತ್ತೆ, ಕಾರಣ ಇಲ್ಲದೆ ಅಳು ಬರುತ್ತೆ. ಹರೆಯದ ಹುಡುಗಿಗೆ "ವಯಸ್ಸು, ಹಾಗೇನೇ" ಅಂತ ಸುಮ್ಮನಿರುತ್ತೇವೆ. ಬಾಣಂತಿಗೆ "ಎಂಥ ತಾಯಿ ನೀನು" ಅನ್ನುತ್ತೇವೆ.

ಮಿದುಳು ಕೂಡ ಬದಲಾಗುತ್ತೆ. ಸ್ಪೇನಿನಲ್ಲಿ ಮೊದಲ ಸಲ ಬಸುರಾದವರ ಮಿದುಳನ್ನು ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ ನೋಡಿದರು. 2016ರ ಕೊನೆಗೆ ಅದು ಪ್ರಕಟವಾಯಿತು. ಬೇರೆಯವರ ಮನಸ್ಸು ತಿಳಿಯುವ ಕೆಲಸ ಮಾಡುವ ಭಾಗಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಆಗಿತ್ತು. ಎರಡು ವರ್ಷ ಆದಮೇಲೂ ಅದು ಹಾಗೇ ಇತ್ತು. ಅದೇ ಅಧ್ಯಯನದಲ್ಲಿ ಹೊಸ ಅಪ್ಪಂದಿರನ್ನೂ ನೋಡಿದರು. ಅವರಲ್ಲಿ ಅಂಥ ಬದಲಾವಣೆ ಸಿಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಗಂಡಸರು ಆರಾಮಾಗಿ ಮನೆಗೆ ಹೋಗಬಹುದು. "ನೋಡಿ, ನಮಗೆ ದೇವರೇ ಕೊಟ್ಟಿಲ್ಲ." ಸ್ವಲ್ಪ ತಾಳಿ. ಫಿಲಿಪೈನ್ಸ್‌ನ ಸೆಬು ಅನ್ನುವ ಊರಲ್ಲಿ 624 ಯುವಕರನ್ನು ಸುಮಾರು ಐದು ವರ್ಷ ಹಿಂಬಾಲಿಸಿ ಒಂದು ಅಧ್ಯಯನ ಆಯಿತು, 2011ರಲ್ಲಿ ಹೊರಬಂತು. ಮದುವೆಯಾಗಿ ಅಪ್ಪ ಆದವರಲ್ಲಿ ಗಂಡಸುತನದ ಹಾರ್ಮೋನು ಟೆಸ್ಟೋಸ್ಟೆರಾನ್ ಚೆನ್ನಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ, ಅದಕ್ಕಿಂತ ಜಾಸ್ತಿ ಮಗುವನ್ನು ನೋಡಿಕೊಳ್ಳುವ ಅಪ್ಪಂದಿರಲ್ಲಿ ಇನ್ನೂ ಕಮ್ಮಿ. ಇಸ್ರೇಲಿನಲ್ಲಿ 2014ರಲ್ಲಿ ಅಪ್ಪಂದಿರ ಮಿದುಳು ನೋಡಿದರು. ಮಗುವಿನ ಆರೈಕೆಯಲ್ಲಿ ಎಷ್ಟು ಹೊತ್ತು ಕಳೆಯುತ್ತಾರೋ, ಮಿದುಳಿನ ಎರಡು ಭಾಗಗಳ ನಡುವಿನ ನಂಟು ಅಷ್ಟು ಗಟ್ಟಿಯಾಗಿತ್ತು. ಅಂದರೆ ಅಮ್ಮನಿಗೆ ಬಸಿರೇ ಅರ್ಧ ಪಾಠ ಕಲಿಸಿಬಿಡುತ್ತೆ. ಅಪ್ಪನಿಗೆ ಕೈ ಕಲಿಸಬೇಕು. ಎತ್ತಿ, ತೊಳೆದು, ತಟ್ಟಿ ಮಲಗಿಸಿದ ಕೈ.

(ಇಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು "ಹಾರ್ಮೋನು ಇಳಿದರೆ ತೊಂದರೆ ಅಲ್ವೇನಮ್ಮ?" ಅಂತ ಕೇಳಿದರು. ಸಭೆ ನಕ್ಕಿತು. ಕಾಯಿಲೆಯಿಂದ ಇಳಿಯೋದು ಬೇರೆ, ಇದು ಬೇರೆ ಯಜಮಾನರೇ, ಎರಡನೇ ಮಗು ಆಗೋದಕ್ಕೆ ಇದರಿಂದ ಏನೂ ಅಡ್ಡಿಯಿಲ್ಲ ಅಂದೆ.)

ಇನ್ನು ಮನಸ್ಸಿನ ವಿಷಯ. ಹೆತ್ತ ಮೂರನೇ ನಾಲ್ಕನೇ ದಿನ ಬಾಣಂತಿ ಸುಮ್ನೆ ಅಳುತ್ತಾಳೆ. ಬಹಳ ಜನರಿಗೆ ಆಗುತ್ತೆ, ಎರಡು ವಾರದೊಳಗೆ ಹೋಗುತ್ತೆ. ಹೋಗದಿದ್ದರೆ ಅದು ಕಾಯಿಲೆ. ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ನೋಡಿದಾಗ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಹೆರಿಗೆ ನಂತರದ ಖಿನ್ನತೆ ಕಂಡಿತ್ತು. ನಮ್ಮಲ್ಲಿ ಇದಕ್ಕೆ ಹೆಸರು 'ಗಾಳಿ ಸೋಕಿದೆ'. ತಾಯತ ಕಟ್ಟಿಸುತ್ತಾರೆ, ಬೇವಿನ ಸೊಪ್ಪು ಇಡುತ್ತಾರೆ. ಇಡಲಿ, ಜೊತೆಗೆ ಡಾಕ್ಟರಿಗೂ ತೋರಿಸಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡು 2009ರಿಂದ ಇದೆ. ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬರೆದುಕೊಳ್ಳಿ.

ಇದನ್ನು ಮೊದಲು ಗಮನಿಸಬೇಕಾದವನು ಯಾರು? ಅವಳು ಮದುವೆಗೆ ಮುಂಚೆ ಹೇಗಿದ್ದಳು ಅಂತ ತವರಿಗೆ ಗೊತ್ತು. ಮದುವೆಯಾದ ಮೇಲೆ ಹೇಗಿದ್ದಳು ಅಂತ ಅವನಿಗೆ ಗೊತ್ತು. ಅವನು ಭಾನುವಾರ ಬಂದು ಕೋಡುಬಳೆ ತಿಂದು ಹೋದರೆ ಅವನಿಗೆ ಕಾಣುವುದು ತಲೆ ಬಾಚಿ ಹೂ ಮುಡಿಸಿ ಕೂರಿಸಿದ ಹೆಂಡತಿ.

ಒಬ್ಬ ಅಪ್ಪನನ್ನು ನಾನು ಮರೆತಿಲ್ಲ. ಯಾವ ಊರು, ಯಾವ ವರ್ಷ ಅಂತ ಹೇಳುವುದಿಲ್ಲ. ಎಂಟನೇ ತಿಂಗಳಲ್ಲಿ ಹುಟ್ಟಿದ ಮಗು, ಎರಡನೇ ದಿನ ಹೋಯಿತು. ಮೂರನೇ ದಿನ ತಾಯಿಗೆ ಹಾಲು ಇಳಿಯಿತು. ಮೈಗೆ ಸುದ್ದಿ ಗೊತ್ತಾಗಿರುವುದಿಲ್ಲ ನೋಡಿ. ರವಿಕೆ ಒದ್ದೆ ಆಗಿ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಸುತ್ತ ಹೆಂಗಸರು ಕೂತು ಅವಳ ಜೊತೆ ಅತ್ತರು. ಹೊರಗೆ ಅವನು ಬೆಂಚಿನ ಮೇಲೆ ಕೂತು ಕವರಿನಲ್ಲಿದ್ದ ಪಂಚೆ ತುಂಡುಗಳನ್ನು ಒಂದೊಂದಾಗಿ ತೆಗೆದು ಮಡಿಸಿ ಮತ್ತೆ ಒಳಗಿಡುತ್ತಿದ್ದ. ಪೂರ್ತಿ ಇಟ್ಟಮೇಲೆ ಮತ್ತೆ ತೆಗೆಯುತ್ತಿದ್ದ. ಅವನ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ, ಡ್ಯೂಟಿ ಇತ್ತು. ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕಿ ಅಂತ ಅವನ ಕೈಗೆ ಪೆನ್ನು ಕೊಟ್ಟೆ, ಅಷ್ಟೇ.

ರಜೆಯ ಮಾತು ಬೇಗ ಹೇಳಿ ಮುಗಿಸುತ್ತೇನೆ. 2017ರ ತಿದ್ದುಪಡಿ ಆದಮೇಲೆ ಕಾನೂನಿನಡಿ ಬರುವ ಕಡೆ ಕೆಲಸ ಮಾಡುವ ಹೆಂಗಸಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಹೊಲದಲ್ಲಿ ಕಡಲೆಕಾಯಿ ಕೀಳುವವಳಿಗೆ ಇಲ್ಲ. ಸರ್ಕಾರಿ ನೌಕರ ಗಂಡಸಿಗೆ 15 ದಿನ. ಖಾಸಗಿಯವರಿಗೆ ಕಂಪನಿ ಮನಸ್ಸು ಮಾಡಿದರೆ ಉಂಟು. 15 ದಿನದಲ್ಲಿ ಏನು ಮಾಡುತ್ತಾರೆ ಅಂತ ನಾನು ನೋಡಿದ್ದೇನೆ. ಕೆಲವರು ಮನೆಗೆ ಬಣ್ಣ ಹೊಡೆಸಿದರು.

ನನ್ನ ಮಗ ವಸಂತನರಸಾಪುರದಲ್ಲಿ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಸೊಸೆಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ, ಇಲ್ಲೇ ಮಧುಗಿರಿಯಲ್ಲಿ. ಯಾರೂ ಯೋಚನೆ ಮಾಡಿ ಮಾಡಿದ್ದಲ್ಲ, ಬೇರೆ ದಾರಿ ಇರಲಿಲ್ಲ. ಸಿಸೇರಿಯನ್ ಆಗಿತ್ತು, ಅವಳು ಭಾರ ಎತ್ತುವ ಹಾಗಿಲ್ಲ. ನನಗೆ ಮಂಡಿ ನೋವು, ನೆಲದ ಮೇಲೆ ಕಾಲು ಚಾಚಿ ಕೂತರೆ ಏಳೋಕಾಗಲ್ಲ. ಇದ್ದಬದ್ದ ರಜೆ ಎಲ್ಲ ಸೇರಿಸಿ ಇವನಿಗೆ ಹನ್ನೆರಡು ದಿನ ಸಿಕ್ಕಿತ್ತು.

ಹೊಕ್ಕುಳು ಬಿದ್ದದ್ದು ಒಂಬತ್ತನೇ ದಿನ. ಅವತ್ತು "ನೀರು ನೀನೇ ಹಾಕು" ಅಂದೆ. ಬಚ್ಚಲಲ್ಲಿ ಮಣೆ ಹಾಕಿ ಪ್ಯಾಂಟು ಮಂಡಿ ತನಕ ಮಡಿಸಿ ಕೂತ. ಕಾಲು ಜೋಡಿಸು ಅಂದೆ, ಜೋಡಿಸಿದ. ಮಗಳನ್ನು ಅವನ ಮೊಣಕಾಲ ಕೆಳಗೆ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಲಗಿಸಿದೆ. ತಲೆ ಪಾದದ ಕಡೆ. ಎಣ್ಣೆ ಹಚ್ಚಿದ ಮೈ, ಜಾರುತ್ತೆ. ಅವನ ಕಾಲು ನಡುಗುತ್ತಿತ್ತು. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ತೂಕದ ಮಷಿನ್ ಓಡಿಸುವವನು, ಎರಡೂಮುಕ್ಕಾಲು ಕೆಜಿ ಮಗುವಿನ ಮೇಲೆ ಒಂದು ಚೊಂಬು ನೀರು ಹುಯ್ಯೋಕೆ ಬೆವರುತ್ತಿದ್ದ. ಹಣೆಗೆ ಕೈ ಅಡ್ಡ ಹಿಡಿ, ಕಣ್ಣಿಗೆ ಹೋಗಬಾರದು, ಎತ್ತರದಿಂದ ಹುಯ್ಯಬೇಡ ಅಂದೆ. ಅವಳನ್ನು ಬೋರಲು ತಿರುಗಿಸುವಾಗ ಒಂದಿಷ್ಟು ಜಾರಿತು. ನನ್ನ ಬಾಯಿಗೆ ಬಂದದ್ದು ಆ ಹಳೇ ಮಾತೇ: "ಕೊಡು ಇಲ್ಲಿ, ನಿಂಗೆ ಬರಲ್ಲ." ಎಷ್ಟು ಸಲೀಸಾಗಿ ಬರುತ್ತೆ ನೋಡಿ ಆ ಮಾತು. ಗಂಡಸರನ್ನು ಹೊರಗಿಡುವುದು ಬರೀ ಗಂಡಸರಲ್ಲ. ನಾವು ಹೆಂಗಸರೂ ಮಗುವನ್ನು ಅವರ ಕೈಯಿಂದ ಕಿತ್ತುಕೊಂಡಿದ್ದೇವೆ.

ಬಾಗಿಲಲ್ಲಿ ನಿಂತಿದ್ದ ಸೊಸೆ "ಅತ್ತೆ, ಇರಲಿ ಬಿಡಿ" ಅಂದಳು. ಬಿಟ್ಟೆ. ಅವನು ಹಿಡಿತ ಸರಿ ಮಾಡಿಕೊಂಡ.

ಮಾರನೇ ದಿನಕ್ಕೆ ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ, "ಏನ್ ಸಿಸ್ಟರೇ, ಮಗನ ಕೈಲಿ ಬಾಣಂತನ ಮಾಡಿಸ್ತಿದೀರಂತೆ?" ಅಂದರು. "ಹೂಂ ಕಣ್ರೀ, ಸಂಬಳ ಕೇಳಲ್ಲ ಅವನು" ಅಂದೆ. ಹನ್ನೆರಡು ದಿನ ಮುಗಿದು ಡ್ಯೂಟಿಗೆ ಹೋದಮೇಲೂ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದು, ತಿಂಡಿಗೆ ಮುಂಚೆ ನೀರು ಹಾಕಿಯೇ ಮಲಗುತ್ತಿದ್ದ. ನಮ್ಮ ಮನೆಯವರು ಮೊದಲ ವಾರ ಪೇಪರ್ ಅಡ್ಡ ಹಿಡಿದುಕೊಂಡು ಕೂತಿದ್ದರು. ಎರಡನೇ ವಾರ ಟವೆಲ್ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತರು. ಯಾರೂ ಕರೆದಿರಲಿಲ್ಲ. ಒದ್ದೆ ಮೊಮ್ಮಗಳನ್ನು ಟವೆಲ್ಲಿಗೆ ಹಾಕಿಸಿಕೊಂಡಾಗ ಅವರು ಮಗನ ಕಡೆ ನೋಡಿ, ನೇರವಾಗಿ ಅವನಿಗೇ, "ನಿಂಗೆ ಊಟ ಆಯ್ತೇನೋ?" ಅಂದರು. ಬೆಳಗ್ಗೆ ಎಂಟು ಗಂಟೆ ಆಗ. ಇನ್ನೂ ತಿಂಡಿಯೇ ಆಗಿರಲಿಲ್ಲ.

(ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ತಾಯ್ತನದ ಮಹತ್ವದ ಬಗ್ಗೆ ಒಂದು, ಸಿಸೇರಿಯನ್ ಯಾಕೆ ಜಾಸ್ತಿ ಆಗಿದೆ ಅಂತ ಒಂದು ಪ್ರಶ್ನೆ ಬಂತು. ಉತ್ತರ ಹೇಳಿದೆ. ಎಲ್ಲ ಎದ್ದು ಟೀ ಕಡೆ ಹೋಗುವಾಗ ಇಪ್ಪತ್ತೈದು ಇಪ್ಪತ್ತಾರರ ಹುಡುಗ ಒಬ್ಬ ಹತ್ತಿರ ಬಂದ. ಹೆಂಡತಿ ತವರಲ್ಲಿದ್ದಾಳೆ, ಕೊರಟಗೆರೆ ಹತ್ತಿರ, ಮಗುವಿಗೆ ಹದಿನಾರು ದಿನ ಅಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ "ನೀರು ಎಷ್ಟು ಬಿಸಿ ಇರ್ಬೇಕು ಸಿಸ್ಟರ್?" ಅಂತ ಕೇಳಿದ. "ಬೆರಳು ಅದ್ದಿ ನೋಡ್ಬೇಡ, ಬೆರಳಿಗೆ ತಿಳಿಯಲ್ಲ. ಮೊಣಕೈ ಅದ್ದು" ಅಂದೆ. ಅಲ್ಲೇ ತೋಳು ಮಡಿಸಿ, ಗಾಳಿಯಲ್ಲೇ ಅದ್ದಿ ನೋಡಿದ.)